ಮಲೆನಾಡು ಬರೀ ಕಾಡಾಗಿರಲಿಲ್ಲ

ಬ್ರಿಟಿಷರು ರಸ್ತೆ ಮಾಡುವವರೆಗೆ ಮಲೆನಾಡು ಜ್ವರ, ಜಿಗಣೆಗಳ ಕಾಡಾಗಿತ್ತು ಎಂದು ಲೇಖನವೊಂದು ಹೇಳಿದ ಮಾತನ್ನು ಸಾಗರದವನಾದ ನಾನು ಒಪ್ಪಲಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಘಟ್ಟ ಹತ್ತಿ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದ. ದಾರಿಯಲ್ಲಿ ದೇವಸ್ಥಾನದ ಜಗಲಿಯೊಂದರಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟ. ಮುಂದೆ ಕೆಳದಿಯ ಅರಸ ಶಿವಪ್ಪನಾಯಕ ಮಣ್ಣಿನ ಗುಣ, ಇಳುವರಿ ನೋಡಿಯೇ ಕಂದಾಯ ಗೊತ್ತುಮಾಡಿದ. ಇದೆಲ್ಲ ದಿಕ್ಕುದೆಸೆಯಿಲ್ಲದ ನಾಡಿನ ಲಕ್ಷಣವೇ? 1830ರಲ್ಲಿ, ಮೈಸೂರು ಅರಸರ ಆಳ್ವಿಕೆಯಲ್ಲಿದ್ದ ಮಲೆನಾಡಿನ ನಗರ ಸೀಮೆಯ ರೈತರು ದಂಗೆಯೆದ್ದರು. ಅದನ್ನೇ ನೆಪ ಮಾಡಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ಆಳಲು ಬಂದವರಿಗೆ ನಮ್ಮನ್ನು ಕಾಡುಜನರೆಂದು ತೋರಿಸುವ ಅಗತ್ಯವಿತ್ತು, ಸರಿ. ನಾವೇ ಇಂದಿಗೂ ಅದನ್ನು ಪಾಠದಂತೆ ಒಪ್ಪಿಸುತ್ತಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರುಗಳು ಆ ಜಗಲಿಯ ಪಾಠವನ್ನೂ ದಯವಿಟ್ಟು ಹೇಳಲಿ.