ಜಿಲ್ಲೆ ಪಟ್ಟಿಗೆ ಏಳು ಪಾಯಿಂಟ್ ಯಾಕೆ ಕೊಡಬೇಕು?

ಸಾಫ್ಟ್‌ವೇರ್ ಟೆಂಡರಿನ ಸೈಜ್ ಲೆಕ್ಕದ ಹಾಳೆ ಸಿಕ್ಕರೆ ತೆಗೆದು ನೋಡ್ರಿ. ಸಾಫ್ಟ್‌ವೇರ್ ಬಳಕೆದಾರನಿಗೆ ಏನೇನು ಮಾಡಿಕೊಡುತ್ತದೆ ಅಂತ ಎಣಿಸಿ ಹಾಕುವ ಫಂಕ್ಷನ್ ಪಾಯಿಂಟ್ ಲೆಕ್ಕ ಅದು, ಬಿಲ್ ಅದರ ಮೇಲೆ. ಸಾಲುಗಟ್ಟಿ ಮಾಸ್ಟರ್‌ಗಳು, ಅಂದರೆ ಆಯ್ಕೆಯ ಪಟ್ಟಿಗಳು: ಜಿಲ್ಲೆ, ತಾಲ್ಲೂಕು, ಚೀಲದ ಬಗೆ, ಪಾವತಿ ಸ್ಥಿತಿ. ಈ ಲೆಕ್ಕದ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಫ್‌ಪಿಯುಜಿಯ ಕೈಪಿಡಿ ಇವನ್ನು ಕೋಡ್ ಡೇಟಾ ಅಂತ ಕರೆದು ಎಣಿಕೆಯಿಂದಲೇ ಹೊರಗಿಟ್ಟಿದೆ. ಆದರೂ ಎಣಿಸುತ್ತಾರೆ, ಯಾಕಂದ್ರ ಬಿಲ್ ಬೆಳೆಯೋದು ಅಲ್ಲೇ.

ನಮ್ಮ ಕಲಬುರಗಿಯ ತೊಗರಿ ಖರೀದಿ ಕೇಂದ್ರಕ್ಕೆ ಒಂದು ಸಾಫ್ಟ್‌ವೇರ್ ಅಂದುಕೊಳ್ಳಿ. ಪ್ರತಿ ಮಾಸ್ಟರನ್ನೂ ಐಎಲ್‌ಎಫ್ (ಸಾಫ್ಟ್‌ವೇರ್ ತಾನೇ ನಿರ್ವಹಿಸುವ ಡೇಟಾ ಗುಂಪು) ಅಂತ ಹಿಡಿದರೆ ಕನಿಷ್ಠ 7 ಪಾಯಿಂಟ್. ಸೇರಿಸು, ತಿದ್ದು, ಅಳಿಸು ಎಂಬ ಮೂರು ಇಐಗೆ (ಒಳಗೆ ಡೇಟಾ ತುಂಬುವ ಕ್ರಿಯೆ) ತಲಾ 3ರಂತೆ 9. ಪಟ್ಟಿ ತೋರಿಸುವ ಇಕ್ಯೂಗೆ (ಡೇಟಾ ತೆಗೆದು ತೋರಿಸುವ ಕ್ರಿಯೆ) 3, ಡ್ರಾಪ್‌ಡೌನಿಗೆ ಮತ್ತೊಂದು 3. ಒಟ್ಟು 22. ಇಂಥವು ಎಂಟಿದ್ದರೆ 176. ರೈತ, ಖರೀದಿ ರಸೀದಿ, ಪಾವತಿ ಈ ಮೂರೂ ಫೈಲುಗಳಿಗೆ ಸರಾಸರಿ ಮಟ್ಟದ ಐಎಲ್‌ಎಫ್ ದರ, ತಲಾ 10, ಹಾಕಿದರೂ ಸಿಗೋದು ಬರೇ 30.

ಇನ್ನೊಂದು ಕಡೆಯೂ ಲೆಕ್ಕ ಉಬ್ಬುತ್ತದೆ, ಅದು ಹೆಚ್ಚಿನವರ ಕಣ್ಣಿಗೆ ಬೀಳೋದಿಲ್ಲ. ರೈತ ನೋಂದಣಿಯ ಪರದೆಯಲ್ಲಿ 14 ಡಿಇಟಿ (ಡೇಟಾ ಖಾನೆ) ಇವೆ, ಬರೆಯೋದು ರೈತ ಫೈಲ್ ಒಂದಕ್ಕೇ ಅಂದರೆ ಎಫ್‌ಟಿಆರ್ (ಕ್ರಿಯೆ ಮುಟ್ಟುವ ಫೈಲುಗಳ ಎಣಿಕೆ) 1, ಇಐ ಲೋ (ಕಡಿಮೆ ಮಟ್ಟ), 3 ಪಾಯಿಂಟ್. ಜಿಲ್ಲೆ, ತಾಲ್ಲೂಕು, ಬ್ಯಾಂಕ್ ಹೆಸರಿನ ಟೇಬಲ್‌ಗಳನ್ನೂ ಎಫ್‌ಟಿಆರ್ ಅಂತ ಸೇರಿಸಿದರೆ ನಾಲ್ಕಾಗಿ ಅದೇ ಪರದೆ ಹೈ ಆಗ್ತದ, 6 ಪಾಯಿಂಟ್. ಕೋಡ್ ಡೇಟಾ ಎಫ್‌ಟಿಆರೂ ಅಲ್ಲ, ಆರ್‌ಇಟಿಯೂ (ಫೈಲಿನೊಳಗಿನ ಉಪಗುಂಪು) ಅಲ್ಲ. ರೈತ ಫೈಲಿನಲ್ಲಿ ಕೂತ ಜಿಲ್ಲೆ ಕೋಡ್ ಒಂದು ಡಿಇಟಿ, ಅಷ್ಟೇ.

ಇದಕ್ಕೆ ಬರುವ ವಾದ ಒಂದೇ: "ಜಿಲ್ಲೆ ಪಟ್ಟಿ ಬದಲಾಗ್ತದಲ್ರೀ, ಎಣಿಸಬಾರದು ಅಂದ್ರ ಹೆಂಗ?" ಬದಲಾಗಿದೆ, ಖರೆ. ಯಾದಗಿರಿ ಬೇರೆ ಜಿಲ್ಲೆಯಾಯಿತು, 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, ಆಮೇಲೆ ವಿಜಯನಗರ ಬಂತು. ಆದರೆ ಬದಲಾಗುತ್ತದೋ ಇಲ್ಲವೋ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಹೆಸರು ಬದಲಾದಾಗ ಕೋಡ್ ಹಾಗೇ ಉಳಿಯಿತು, ಖರೀದಿಯ ಒಂದು ನಿಯಮವೂ ಅಲುಗಲಿಲ್ಲ. ಪೂರ್ತಿ ಹೆಸರಿನ ಬದಲು ಕೋಡ್ ಇಡೋಣ ಅಂತ ತೀರ್ಮಾನಿಸಿದವನು ಡೆವಲಪರ್. ಬಳಕೆದಾರ ಕೇಳಿದ್ದು ಜಿಲ್ಲೆಯ ಹೆಸರು ಮಾತ್ರ. ರಸೀದಿಯ ತಲೆಯ ಮೇಲೆ ಅಚ್ಚಾಗುವ ಕೇಂದ್ರದ ಹೆಸರು, ವಿಳಾಸಕ್ಕೆಂದು ಒಂದೇ ಸಾಲಿನ ಟೇಬಲ್ ಇದ್ದರೆ ಅದೂ ಇದೇ ಜಾತಿ.

ಹಾಗಂತ ಚಿಕ್ಕ ಟೇಬಲ್‌ಗಳನ್ನೆಲ್ಲ ಹೊರಗೆ ಹಾಕುವವರೂ ತಪ್ಪೇ ಮಾಡ್ತಾರ. ಬೆಂಬಲ ಬೆಲೆಯ ಟೇಬಲ್ ನೋಡ್ರಿ: ಬೆಳೆ, ವರ್ಷ, ದರ. ನಾಲ್ಕಾರು ಸಾಲು. ಕ್ವಿಂಟಲ್ ತೊಗರಿಗೆ 2023-24ರಲ್ಲಿ 7,000 ರೂಪಾಯಿ, 2024-25ರಲ್ಲಿ 7,550, 2025-26ರಲ್ಲಿ 8,000. ಈ ದರ ಇಲ್ಲದೆ ರೈತನ ಹಣದ ಲೆಕ್ಕವೇ ಆಗೋದಿಲ್ಲ. ಇದು ರೆಫರೆನ್ಸ್ ಡೇಟಾ (ವ್ಯವಹಾರದ ನಿಯಮಕ್ಕೆ ಬೇಕಾದ ಡೇಟಾ), ಎಣಿಸಲೇಬೇಕು. ನಮ್ಮ ಸಾಫ್ಟ್‌ವೇರಿನಲ್ಲೇ ದರ ತುಂಬುವುದಾದರೆ ಐಎಲ್‌ಎಫ್, 7. ಬೇರೆ ವ್ಯವಸ್ಥೆ ನಿರ್ವಹಿಸುವ ಫೈಲನ್ನು ಓದುವುದಷ್ಟೇ ಆದರೆ ಇಐಎಫ್, 5. ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ಕೊಳ್ಳಬಹುದು ಅನ್ನುವ ಮಿತಿಯ ಟೇಬಲ್ಲಿಗೂ ಇದೇ ನ್ಯಾಯ.

ನಿಜವಾಗಿ ತಲೆ ಕೆಡಿಸೋದು ತೇವಾಂಶ. 0ರಿಂದ 100ರ ಒಳಗಿನ ಅಂಕಿ ಮಾತ್ರ ಟೈಪ್ ಮಾಡಬೇಕು ಅಂತ ತಡೆಯುವ ಟೇಬಲ್ ಬರೇ ವ್ಯಾಲಿಡ್ ವ್ಯಾಲ್ಯೂ, ಅದೂ ಕೋಡ್ ಡೇಟಾವೇ, ಸೊನ್ನೆ ಪಾಯಿಂಟ್. ಶೇ. 12 ದಾಟಿದರೆ ಖರೀದಿ ಬೇಡ ಅನ್ನುವ ಮಿತಿ ವ್ಯವಹಾರದ ನಿಯಮ. ಅದನ್ನು ಬೆಳೆವಾರು, ಜಾರಿ ದಿನಾಂಕದೊಂದಿಗೆ ಅಧಿಕಾರಿ ನಿರ್ವಹಿಸುತ್ತಿದ್ದರೆ ನಾನಂತೂ ಎಣಿಸುತ್ತೇನೆ. ಎರಡೂ ಒಂದೇ ಭೌತಿಕ ಟೇಬಲ್ಲಿನಲ್ಲಿ ಕೂತಿರಬಹುದು. ಟೇಬಲ್ ಹೆಸರು ನೋಡಿ ತೀರ್ಮಾನ ಮಾಡಬೇಡಿ.

ನೆದರ್ಲೆಂಡ್ಸ್ ಮೂಲದ ಇನ್ನೊಂದು ಎಣಿಕೆ ವಿಧಾನವಾದ ನೆಸ್ಮಾ ಪದ್ಧತಿಯ ದಾರಿ ಬೇರೆ: ನಾವೇ ನಿರ್ವಹಿಸುವ ಕೋಡ್ ಟೇಬಲ್‌ಗಳನ್ನೆಲ್ಲ ಗುಡ್ಡೆ ಹಾಕಿ ಒಂದೇ ಐಎಲ್‌ಎಫ್, ಹೊರಗಿನವನ್ನೆಲ್ಲ ಒಂದೇ ಇಐಎಫ್. ಆದ್ದರಿಂದ ಟೆಂಡರಿನಲ್ಲಿ ಐಎಸ್‌ಒ 20926 (ಐಎಫ್‌ಪಿಯುಜಿ) ಪ್ರಕಾರವೋ 24570 (ನೆಸ್ಮಾ) ಪ್ರಕಾರವೋ ಅಂತ ಬರೆದಿರಬೇಕು. ಬರೀ "ಫಂಕ್ಷನ್ ಪಾಯಿಂಟ್ ಪ್ರಕಾರ" ಅಂತ ಬರೆದು ಬಿಟ್ಟರೆ ಜಗಳ ಗ್ಯಾರಂಟಿ.

ಮಾಸ್ಟರ್ ಪರದೆ ಕಟ್ಟೋಕೆ ದುಡಿಮೆ ಬೇಡವೇ? ಬೇಕು. ಅದನ್ನು ಐಎಫ್‌ಪಿಯುಜಿಯದೇ ಇನ್ನೊಂದು ಅಳತೆಯಾದ ಸ್ನ್ಯಾಪ್‌ನಲ್ಲಿ ಅಳೆಯಿರಿ, ಇಲ್ಲವೇ ಗಂಟೆಗಳ ಲೆಕ್ಕದಲ್ಲಿ ಬೇರೆ ಸಾಲಾಗಿ ಕೇಳಿ, ಕೊಡಬೇಕಾದ್ದೇ. ಮುಂದೆ ಬದಲಾವಣೆಯ ಬಿಲ್ ಬಂದಾಗಲೂ ಕಣ್ಣಿಡಿ: ಹೊಸ ಜಿಲ್ಲೆಯ ಸಾಲು ಸೇರಿಸಿದ್ದಕ್ಕೂ ಸೊನ್ನೆ, 7,550 ತೆಗೆದು 8,000 ಹಾಕಿದ್ದಕ್ಕೂ ಸೊನ್ನೆ. ಬೆಲೆ ಟೇಬಲ್ಲಿಗೆ ಹೊಸ ಕಾಲಂ ಬೇಕಾಯಿತೇ, ಲೆಕ್ಕದ ನಿಯಮ ಬದಲಾಯಿತೇ ಅಂತ ಕೇಳಿ, ಉತ್ತರ ಹೌದು ಅಂದರೆ ಮಾತ್ರ ಎಣಿಕೆಗೆ ಕೂರಿ.