ಆರು ಸಾವಿರದ ಸೀರೆಗೆ ಮುನ್ನೂರು ಪ್ರತಿ

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಗುಲಾಬಿ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. 'ಕೈಮಗ್ಗದ ಸೀರೆಗಳ ಪ್ರದರ್ಶನ ಮತ್ತು ಮಾರಾಟ. ಸಾರ್ವಜನಿಕರ ಒತ್ತಾಯದ ಮೇರೆಗೆ ಮುಂದಿನ ಭಾನುವಾರದವರೆಗೆ ವಿಸ್ತರಿಸಲಾಗಿದೆ.'

ಓದಿ ಮೈಯೆಲ್ಲ ಉರಿಯಿತು. ನಿನ್ನೆಯೇ ಕೊನೆಯ ದಿನ ಅಂತ ಇದೇ ಬಣ್ಣದ ಕರಪತ್ರ ಹೇಳಿತ್ತಲ್ಲ! ಅದನ್ನು ನಂಬಿ, ಒಗೆದ ಬಟ್ಟೆ ಬಕೆಟ್ಟಿನಲ್ಲಿ, ನೆನೆಸಿದ ಉದ್ದು ಪಾತ್ರೆಯಲ್ಲಿ ಬಿಟ್ಟು ಓಡಿದ್ದೆ. ಯಾರ್ರೀ ಈ ಸಾರ್ವಜನಿಕರು? ನಾನೂ ಸಾರ್ವಜನಿಕರಲ್ಲಿ ಒಬ್ಬಳೇ. ಸೀರೆ ಮಾರಿ ಅಂತ ಯಾರನ್ನೂ ಒತ್ತಾಯಿಸಿಲ್ಲ. ನಮ್ಮ ಬೀದಿಯ ಗುಂಡಿ ಮುಚ್ಚಿ ಅಂತ ಮಾತ್ರ ಒತ್ತಾಯಿಸಿದ್ದೇನೆ. ಅದು ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ.

ಇನ್ನೊಂದು ವಿಷಯ. ರಾತ್ರಿ ಒಂಬತ್ತಕ್ಕೆ ಮಾರಾಟ ಮುಗಿದು, ಬೆಳಿಗ್ಗೆ ಐದಕ್ಕೆ ಪೇಪರ್ ಹುಡುಗನ ಕೈಯಲ್ಲಿ ಈ ಕಾಗದ ಇರಬೇಕಾದರೆ ನಾವು ಒತ್ತಾಯಿಸುವ ಮೊದಲೇ ಅದು ಅಚ್ಚಾಗಿರಬೇಕು ಅಲ್ವಾ? ಅಚ್ಚಿನ ಮನೆಯವರು ಎಷ್ಟು ಬೇಗ ಕೆಲಸ ಮಾಡುತ್ತಾರೆ ಅಂತ ನಮಗೆ ಗೊತ್ತಿಲ್ಲವೇ! ಪುಸ್ತಕ ಬರೆಯುವವರ ಮುಂದೆ ಈ ಆಟ ನಡೆಯುವುದಿಲ್ಲ.

ಆಷಾಢ ಬಂದರೆ ಬೆಂಗಳೂರಿನ ಕಲ್ಯಾಣ ಮಂಟಪಗಳು ಖಾಲಿ. ಮದುವೆಯಿಲ್ಲ, ಮುಂಜಿಯಿಲ್ಲ. ಆದರೂ ಕರೆಂಟ್ ಬಿಲ್ಲು ಕಟ್ಟಬೇಕು, ಕಾವಲಿನವನಿಗೆ ಸಂಬಳ ಕೊಡಬೇಕು. ಹಾಗಾಗಿ ಮದುಮಕ್ಕಳ ಬದಲು ಸೀರೆಗಳು ಬಂದು ಕೂರುತ್ತವೆ. ಜಯನಗರದ ಆ ಮಂಟಪದಲ್ಲಿ ವಧೂವರರ ಕೆಂಪು ಮಖಮಲ್ಲಿನ ಕುರ್ಚಿ ಇನ್ನೂ ವೇದಿಕೆಯ ಮೇಲೇ ಇತ್ತು. ಅದರಲ್ಲಿ ಬಿಲ್ಲು ಹಾಕುವ ಹುಡುಗ ಒಬ್ಬನೇ ಕೂತಿದ್ದ, ಪಾಪ, ಹುಡುಗಿ ಇನ್ನೂ ಬಂದಿಲ್ಲ ಅನ್ನುವ ಮುಖ ಮಾಡಿಕೊಂಡು. 'ವರನ ಕೊಠಡಿ' ಬೋರ್ಡಿನ ಕೆಳಗೆ ಕಾಟನ್ ನೈಟಿ ತೂಗುತ್ತಿದ್ದವು. ಊಟದ ಹಾಲ್‌ನಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಅದೊಂದು ಮಾತ್ರ ಸರಿಯಾದ ಜಾಗದಲ್ಲಿತ್ತು.

ನಾವು ಹೋಗಿದ್ದು ನಾಲ್ಕು ಜನ. ಒಬ್ಬಳು ಕಥೆಗಾರ್ತಿ, ಒಬ್ಬಳು ಅನುವಾದಕಿ, ಇನ್ನೊಬ್ಬರು ವಯಸ್ಸಿನಲ್ಲಿ ಹಿರಿಯರಾದ ಕವಯಿತ್ರಿ, ಅವರನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ನಾಲ್ಕನೆಯವಳು ನಾನು. ಹೆಸರು ಹೇಳುವುದಿಲ್ಲ. ಇವರ ಜೊತೆ ನಾನು ಇನ್ನೂ ಬಾಳಬೇಕು.

ಕಥೆಗಾರ್ತಿಯ ಹೊಸ ಪುಸ್ತಕ ಬಿಡುಗಡೆ ಇದೆ, ಅದಕ್ಕೊಂದು ಸೀರೆ ಬೇಕು. ಹೊರಟಿದ್ದು ಅದಕ್ಕೇ. ಪುಸ್ತಕ ಬಿಡುಗಡೆಯ ಸೀರೆ ಆರಿಸುವುದು ಮದುವೆಯ ಸೀರೆಗಿಂತ ಕಷ್ಟ. ಜಾಸ್ತಿ ಜರಿ ಇದ್ದರೆ 'ಬರೆಯೋದಕ್ಕಿಂತ ಉಡೋದೇ ಜೋರು' ಅನ್ನುತ್ತಾರೆ. ತೀರಾ ಸಾದಾ ಇದ್ದರೆ ವಿಮರ್ಶಕಿ ಅಂದುಕೊಳ್ಳುತ್ತಾರೆ. ಮೇಲಾಗಿ ವೇದಿಕೆಯಲ್ಲಿ ಆರು ಜನ ಸಾಲಾಗಿ ನಿಂತು ಪುಸ್ತಕವನ್ನು ಎದೆಗೆ ಹಿಡಿದು ಫೋಟೊ ತೆಗೆಸಿಕೊಳ್ಳುವುದೊಂದು ಪದ್ಧತಿ. ಮುಂದೆ ಟೇಬಲ್ಲು, ಟೇಬಲ್ಲಿನ ಮೇಲೆ ಹೂಗುಚ್ಛ. ಸೀರೆಯಲ್ಲಿ ಫೋಟೊಕ್ಕೆ ಬೀಳುವುದು ಭುಜದ ಮೇಲಿನ ಒಂದು ಗೇಣು ಸೆರಗು ಮಾತ್ರ.

"ಹಾಗಿದ್ರೆ ಸೆರಗಿಗಷ್ಟೇ ದುಡ್ಡು ಕೊಟ್ಟರೆ ಸಾಕಲ್ವಾ?" ಅಂದಳು ಕಥೆಗಾರ್ತಿ. ತಮಾಷೆಗಲ್ಲ. ಅವಳು ದುಡ್ಡಿನ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ.

ಇಲ್ಲಿ ಅವಳ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಅವಳಿಗೆ ರೂಪಾಯಿಯಲ್ಲಿ ಲೆಕ್ಕ ಬರುವುದಿಲ್ಲ. ಎಲ್ಲವೂ ಪುಸ್ತಕದ ಪ್ರತಿಗಳಲ್ಲಿ. ಅವಳ ಪುಸ್ತಕದ ಬೆಲೆ 200 ರೂಪಾಯಿ. ಲೇಖಕರಿಗೆ ಶೇಕಡಾ 10ರ ಗೌರವಧನ, ಅಂದರೆ ಒಂದು ಪ್ರತಿಗೆ 20 ರೂಪಾಯಿ. ಮೊದಲ ಗೌರವಧನ ಕೈಗೆ ಬಂದ ದಿನದಿಂದ ಅವಳ ತಲೆಯಲ್ಲಿ ಈ ಲೆಕ್ಕ ಕೂತುಬಿಟ್ಟಿದೆ. ಬೇಳೆ ಕೇಜಿಗೆ ಎಂಟು ಪ್ರತಿ. ಆಟೋದವನು ಮೀಟರ್ ಮೇಲೆ ಎರಡು ಪ್ರತಿ ಜಾಸ್ತಿ ಕೇಳಿದ. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಬೇಕು ಅಂದಾಗ ಬಾಯಿ ತೆರೆದುಕೊಂಡೇ, "ಇದು ಎರಡನೇ ಮುದ್ರಣಕ್ಕೆ ಹೋಗುತ್ತೆ" ಅಂದಳಂತೆ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗಲೂ ಲೋಟ ಎತ್ತಿ, "ಇಗೋ, ಒಬ್ಬ ಓದುಗ ಹೋದ" ಅನ್ನುತ್ತಾಳೆ. ಪಕ್ಕದ ಟೇಬಲ್ಲಿನವರು ಯಾರೋ ತೀರಿಕೊಂಡರು ಅಂತ ನಮ್ಮ ಕಡೆ ಮರುಕದಿಂದ ನೋಡುತ್ತಾರೆ. ನಿನ್ನೆ ಮಂಟಪಕ್ಕೆ ಬಿಎಂಟಿಸಿ ಬಸ್ಸಿನಲ್ಲಿ ಬಂದಿಳಿದು, ಮಹಿಳೆಯರ ಉಚಿತ ಟಿಕೆಟ್ಟನ್ನು ಕುಂಕುಮದ ಪೊಟ್ಟಣ ಹಿಡಿದ ಹಾಗೆ ಹಿಡಿದು ತೋರಿಸಿದಳು. "ಶಕ್ತಿ ಯೋಜನೆ. ಶೂನ್ಯ ಪ್ರತಿ!"

ಅನುವಾದಕಿಯದು ಬೇರೆ ಚಿಂತೆ. ಅವಳಿಗೆ ಪ್ರತಿ ಸೀರೆಯ ಮೂಲ ಯಾವುದು ಅಂತ ಗೊತ್ತಾಗಬೇಕು. ಕೈಮಗ್ಗದ್ದಾ, ಪವರ್‌ಲೂಮಾ? ರೇಷ್ಮೆಯಾ, ರೇಷ್ಮೆಯಂಥದ್ದಾ? ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ಮೂಸುವುದು ಅವಳ ಪದ್ಧತಿ. ನಿಜವಾದ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಮಾತು ಸರಿಯೇ. ಆದರೆ ಸಾವಿರ ಸೀರೆ ತೂಗುಹಾಕಿದ ಹಾಲ್‌ನಲ್ಲಿ ಹೆಂಗಸೊಬ್ಬಳು ಬ್ಯಾಗಿನಿಂದ ಬೆಂಕಿಪೊಟ್ಟಣ ತೆಗೆದರೆ ಏನಾಗಬೇಕೋ ಅದೇ ಆಯಿತು. ಸೆಕ್ಯುರಿಟಿಯವನು ಓಡಿ ಬಂದ. ಸಿಲ್ಕ್ ಮಾರ್ಕ್ ಚೀಟಿ ಇದೆಯಲ್ಲಾ ಮೇಡಂ ಅಂತ ಅಂಗಡಿಯವನು ಕೈಮುಗಿದ. ಆ ಗುರುತಿನ ಹಿಂದೆ ಇರುವುದು ನಮ್ಮೂರಲ್ಲೇ ಕೂತಿರುವ ಕೇಂದ್ರ ರೇಷ್ಮೆ ಮಂಡಳಿ. ಆದರೆ ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್ ಅಂದರೆ ನೆನಪಾಗುವುದು ರೇಷ್ಮೆಯಲ್ಲ, ಟ್ರಾಫಿಕ್ಕು. ಅವಳು ನಂಬಲಿಲ್ಲ.

ಅಕ್ಕ ಏನೂ ಕೊಳ್ಳುವವರಲ್ಲ. ಸೀರೆ ಮುಟ್ಟುತ್ತಾರೆ, ಕಣ್ಣು ಮುಚ್ಚುತ್ತಾರೆ, 'ಆಹಾ' ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಹಿಂದಿನಿಂದ ಅದನ್ನು ಮಡಚಿಡುವುದು ನನ್ನ ಕೆಲಸ.

ಮೂಲೆಯಲ್ಲಿ ಇಳಕಲ್ ಕಡೆಯ ಹಿರಿಯರೊಬ್ಬರು ಸೀರೆ ಹರಡಿಕೊಂಡು ಕೂತಿದ್ದರು. ಕಥೆಗಾರ್ತಿಯ ಸೆರಗಿನ ಸಮಸ್ಯೆಗೆ ಉತ್ತರ ಅಲ್ಲಿತ್ತು. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ಮಾತ್ರ ರೇಷ್ಮೆಯದಿರುತ್ತದೆ. ಕೆಂಪು ಸೆರಗು, ನಡುವೆ ಬಿಳಿ ಪಟ್ಟೆಗಳು. ಅದಕ್ಕೆ ತೋಪು ತೆನೆ ಅನ್ನುತ್ತಾರೆ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಂದೊಂದು ಸೀರೆಗೂ ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯಬೇಕು. ಅವರು ತೋರಿಸಿದ್ದಕ್ಕೆ ಮೇಲಿಂದ ಕಸೂತಿ ಬೇರೆ ಹಾಕಿತ್ತು. ಗೋಪುರ, ಆನೆ, ತುಳಸಿಕಟ್ಟೆ. ಅಕ್ಕ ಇಲ್ಲಿ ಕಣ್ಣು ಮುಚ್ಚಲೂ ಮರೆತರು.

"ಎಷ್ಟು?"

"ಆರು ಸಾವಿರ ರೀ ಅಕ್ಕಾರ."

ಕಥೆಗಾರ್ತಿ ಎದೆ ಹಿಡಿದುಕೊಂಡಳು. "ಮುನ್ನೂರು ಕಣೇ! ಮುನ್ನೂರು!"

ಅವರ ಮುಖ ಸಪ್ಪಗಾಯಿತು. ಹರಡಿದ ಸೀರೆಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು. "ಹಂಗ ಕೇಳಬ್ಯಾಡ್ರಿ ಅಕ್ಕಾರ. ಮುನ್ನೂರಕ್ಕ ಇದರ ದಡೀನೂ ಬರಂಗಿಲ್ಲ."

"ಅಯ್ಯೋ, ಮುನ್ನೂರು ರೂಪಾಯಿ ಅಲ್ಲ! ಮುನ್ನೂರು ಪ್ರತಿ!"

ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮುಖ ಅರಳಿತು ನೋಡಿ! ಜೇಬಿನಿಂದ ಕನ್ನಡಕ ಬಂತು, ಗಂಟಿನಿಂದ ಆರ್ಡರ್ ಪುಸ್ತಕ ಬಂತು, ಪಕ್ಕದ ಮಳಿಗೆಯವನಿಂದ ಪೆನ್ನು ಬಂತು. "ಹೋಲ್‌ಸೇಲ್ ಅಂತ ಮೊದಲ ಹೇಳಬಾರದೇನ್ರಿ! ಕೂಡ್ರಿ, ಕೂಡ್ರಿ. ಚಾ ತರಸ್ಲೇನ್ರಿ? ನಮ್ಮ ಮನ್ಯಾಗ ಎರಡು ಮಗ್ಗ ಅದಾವ್ರಿ, ಮುನ್ನೂರು ಸೀರಿ ಅಂದ್ರ ಭಾಳ ದಿನ ಹಿಡೀತೈತಿ. ತಮ್ಮಗೂ ಹೇಳ್ತೀನಿ. ಅಂಗಡಿ ಎಲ್ಲೈತ್ರಿ ನಿಮ್ಮದು?"

ಅಷ್ಟು ಹೊತ್ತಿಗೆ ತಮ್ಮನಿಗೆ ಫೋನೂ ಹೋಗಿತ್ತು. ನಾವು ನಾಲ್ವರೂ ಒಬ್ಬರ ಹಿಂದೆ ಒಬ್ಬರು ಅಡಗಲು ನೋಡಿದೆವು. ಅನುವಾದಕಿಯೇ ಮುಂದೆ ಬಂದಳು. ನಾವು ಅಂಗಡಿಯವರಲ್ಲ, ಬರೆಯುವವರು. ಒಂದು ಪುಸ್ತಕ ಮಾರಾಟವಾದರೆ ಬರೆದವರಿಗೆ 20 ರೂಪಾಯಿ. ಹಾಗೆ ಮುನ್ನೂರು ಪುಸ್ತಕ ಮಾರಾಟವಾದರೆ ನಿಮ್ಮ ಒಂದು ಸೀರೆ. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಇಷ್ಟು ತಿಳಿಯಾಗಿ ಅವಳು ಯಾವ ಕಾದಂಬರಿಯನ್ನೂ ಅನುವಾದಿಸಿದ್ದು ನಾನು ಕಂಡಿಲ್ಲ.

ಅವರು ಫೋನಿನಲ್ಲಿ, "ಆಮ್ಯಾಲೆ ಮಾಡ್ತೀನಿ ಇಡೋ" ಅಂದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಪುಸ್ತಕಕ್ಕ ಎಷ್ಟ್ರಿ?"

"ಇನ್ನೂರು."

"ಉಳಿದ ನೂರಾ ಎಂಬತ್ತು ಯಾರಿಗ್ರಿ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಕಾಗದ, ಅಚ್ಚು, ಪುಸ್ತಕದಂಗಡಿಯವರ ಕಮಿಷನ್ನು, ಪ್ರಕಾಶಕರ ಪಾಡು. ಲೈಬ್ರರಿಯವರು ಸಗಟಿನಲ್ಲಿ ಕೊಂಡರೆ ಪುಟಕ್ಕೆ ಇಷ್ಟು ಪೈಸೆ ಅಂತ ಲೆಕ್ಕ, ದುಡ್ಡು ಬರುವುದಕ್ಕೆ ಮಾತ್ರ ಯಾವ ಲೆಕ್ಕವೂ ಇಲ್ಲ. ಎಲ್ಲ ಹೇಳಿದೆವು. ಅವರು ತಲೆಯಾಡಿಸುತ್ತಾ ಕೇಳಿದರು. "ನಮ್ಮದೂ ಹಂಗ ಐತ್ರಿ. ನೂಲು ಕೊಡಾಂವ ಬ್ಯಾರೆ, ಸೀರಿ ಒಯ್ಯಾಂವ ಬ್ಯಾರೆ. ನಡುವ ನಾವು." ಸ್ವಲ್ಪ ತಡೆದು ಮತ್ತೆ ಕೇಳಿದರು. "ಒಂದು ಪುಸ್ತಕ ಬರಿಯಾಕ ಎಷ್ಟು ದಿನ ಹಿಡೀತೈತ್ರಿ?"

"ಇದಕ್ಕೆ ಎರಡು ವರ್ಷ ಆಯ್ತು."

ಅವರು ಕಥೆಗಾರ್ತಿಯನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಗಂಡನ ಮನೆಯಲ್ಲಿ ಕಷ್ಟಪಡುವ ಮಗಳನ್ನು ಅಪ್ಪಂದಿರು ಹಾಗೆ ನೋಡುತ್ತಾರೆ. ಅರ್ಧ ಗಂಟೆ ಚೌಕಾಸಿ ಮಾಡಲು ನಾವು ಸಿದ್ಧರಾಗಿ ಬಂದಿದ್ದೆವು. ಬಣ್ಣ ಬಿಡುತ್ತೇನೋ, ಅಲ್ಲಿ ಇನ್ನೂ ಕಮ್ಮಿಗೆ ಕೊಡ್ತಾರೆ, ಹೋಗೋಣ ಬಾರೇ, ಎಲ್ಲ ಮಾತೂ ತಯಾರಿತ್ತು. ಒಂದನ್ನೂ ಆಡಲು ಬಿಡದೆ ಅವರೇ ಅಂದರು. "ಐದುನೂರು ಕಮ್ಮಿ ಕೊಡ್ರಿ ಅಕ್ಕಾರ. ನೀವೂ ಕಷ್ಟದಾಗ ಅದೀರಿ."

"ಇಪ್ಪತ್ತೈದು ಪ್ರತಿ ಉಳೀತು!" ಅಂತ ಕಥೆಗಾರ್ತಿ ಕುಣಿದಳು. ನನಗೇನೋ ಕುಣಿಯಬೇಕು ಅನ್ನಿಸಲಿಲ್ಲ. ಕನ್ನಡದಲ್ಲಿ ಬರೆಯುವುದಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಸಿಕ್ಕಿದ್ದು ನೋಡಿದ್ದೇನೆ. ರಿಯಾಯಿತಿ ಸಿಕ್ಕಿದ್ದು ಇದೇ ಮೊದಲು. ಅದೂ ಯಾರಿಂದ? ಎರಡು ಮಗ್ಗದ ಮೇಲೆ ಮನೆ ನಡೆಸುವವರಿಂದ. ಅವಳ ಪುಸ್ತಕದ ಮೊದಲ ಮುದ್ರಣವೇ ಐನೂರು ಪ್ರತಿ. ಅರ್ಧಕ್ಕಿಂತ ಜಾಸ್ತಿ ಓದುಗರನ್ನು ಮೈಮೇಲೆ ಉಟ್ಟುಕೊಂಡು ಅವಳು ವೇದಿಕೆ ಹತ್ತಬೇಕು. ಅಷ್ಟು ಜನ ಬರುತ್ತಾರೋ ಇಲ್ಲವೋ ಅಂತ ಉಪ್ಪಿಟ್ಟು ಎಷ್ಟು ಹೇಳಬೇಕು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಐವತ್ತು ಜನಕ್ಕೆ ಅಂತ ಒಂದು ಮಾತು ಇದೆ, ಅದೂ ಅಕ್ಕನ ನೆಂಟರನ್ನು ಸೇರಿಸಿ.

ಅಕ್ಕ ಅದೇ ಹೊತ್ತಿಗೆ ಬ್ಯಾಗ್ ತೆರೆದು ಇನ್ನೊಂದು ಇಳಕಲ್ ಕೊಂಡುಬಿಟ್ಟರು. ರಿಯಾಯಿತಿ ಕೇಳಲಿಲ್ಲ. ಕವಿತೆಗೆ ಎಷ್ಟು ಸಿಗುತ್ತದೆ ಅಂತ ಅವರು ಹೇಳಿದ್ದರೆ ಆ ಹಿರಿಯರು ಸೀರೆಯನ್ನು ಸುಮ್ನೆ ಕೊಟ್ಟುಬಿಡುತ್ತಿದ್ದರೇನೋ.

ನಿಜವಾದ ಜಗಳ ಶುರುವಾಗಿದ್ದು ಆಮೇಲೆ, ಕಾಫಿಗೆ ಕೂತಾಗ. ನಾಲ್ವರೂ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದೆವು. ಬೇರೆ ಹೆಂಗಸರಾದರೆ ಬ್ಲೌಸಿಗೆ ಗುಳೇದಗುಡ್ಡದ ಖಣ ಹಾಕೋದಾ, ಸಾದಾ ಹಾಕೋದಾ ಅಂತ ಮಾತಾಡುತ್ತಿದ್ದರು. ಬರೆಯುವವರ ಜೊತೆ ಹೊರಗೆ ಹೋದರೆ ಇದೊಂದು ಗೋಳು. ಏನಾದರೂ ನಡೆದರೆ ಸಾಕು, ಎಲ್ಲರೂ ಒಳಗೊಳಗೇ ಮೊದಲ ಸಾಲು ಹುಡುಕುತ್ತಾರೆ. ಅನುವಾದಕಿಯ ತುಟಿ ಅಲ್ಲಾಡುತ್ತಿತ್ತು. ಅಕ್ಕ ಟಿಶ್ಯೂ ಕಾಗದದ ಮೇಲೆ ಏನೋ ಗೀಚಿ ಕೈ ಅಡ್ಡ ಹಿಡಿದರು.

"ಆ ನೇಕಾರರು ನನ್ನವರು," ಅಂದಳು ಕಥೆಗಾರ್ತಿ. "ಮಾತಾಡಿದ್ದು ನನ್ನ ಜೊತೆ. ದುಡ್ಡು ಕೊಟ್ಟಿದ್ದು ನಾನು. ಅವರ ಬಗ್ಗೆ ಯಾರೂ ಬರೆಯಕೂಡದು. ದೊಡ್ಡ ಕಥೆ ಆಗುತ್ತೆ ಅದು."

"ಮಾತಾಡಿ ಬಿಡಿಸಿದ್ದು ನಾನು ಕಣೇ," ಅಂದಳು ಅನುವಾದಕಿ.

ಕೊನೆಗೆ ಅಕ್ಕ ಮನೆ ಹಿರಿಯರ ಹಾಗೆ ಆಸ್ತಿ ಭಾಗ ಮಾಡಿದರು. ನೇಕಾರರು ಕಥೆಗಾರ್ತಿಗೆ. ಸೆರಗು, ತೆನೆ, ಕಸೂತಿ ಎಲ್ಲ ಅಕ್ಕನ ಕವಿತೆಗೆ. ಬೆಂಕಿಪೊಟ್ಟಣದ ಪ್ರಸಂಗ ಅನುವಾದಕಿಗೆ, ಅವಳ ಆತ್ಮಕಥೆಗಾಯಿತು. ನನಗೆ ಏನು ಅಂದರೆ, "ನೀನು ಲಘು ಬರಹದವಳಲ್ವಾ, ಪಾರ್ಕಿಂಗ್ ಬಗ್ಗೆ ಬರಿ" ಅಂದರು. ಕಿರಿಯ ಸೊಸೆಗೆ ಒಡೆದ ಹಂಡೆ!

ಪಾರ್ಕಿಂಗ್‌ನಲ್ಲಿ ಏನೂ ನಡೆಯಲಿಲ್ಲ. ಸ್ಕೂಟರ್ ನಿಲ್ಲಿಸಿದೆ, ತೆಗೆದೆ. ಅದನ್ನು ಎಷ್ಟು ಹಿಂಜಿದರೂ ಎರಡು ಸಾಲು. ಹಾಗಾಗಿ ಬೇರೆ ದಾರಿ ಕಾಣದೆ ಉಳಿದಿದ್ದನ್ನೆಲ್ಲ ಇಲ್ಲಿ ಬರೆದುಬಿಟ್ಟಿದ್ದೇನೆ. ಕಥೆಗಾರ್ತಿ ಇದನ್ನು ಓದಿದ ಕೂಡಲೇ ಫೋನ್ ಮಾಡುತ್ತಾಳೆ. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ, ನಾನು ಸ್ನಾನಕ್ಕೆ ಹೋಗಿದ್ದೇನೆ, ಇವತ್ತು ಎಣ್ಣೆ ನೀರು, ತಡವಾಗುತ್ತೆ.