ಮೆಟ್ರೋ ಪಕ್ಕ ಎತ್ತರದ ಕಟ್ಟಡ: ಬೇಕೋ, ಬೇಡವೋ?

ಬೆಂಗಳೂರು 2050ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ, ಅಂದರೆ ಬಿಟ್ಟಷ್ಟನ್ನೂ ಹೀರಿಕೊಳ್ಳುವ ಮಟ್ಟಕ್ಕೆ, ಇಳಿಸುತ್ತೇನೆ ಎಂದು 2023ರ ಹವಾಮಾನ ಯೋಜನೆಯಲ್ಲಿ ಹೇಳಿಕೊಂಡಿದೆ. ಮೆಟ್ರೋ ನಿಲ್ದಾಣಗಳ ಸುತ್ತ ಹೆಚ್ಚು ಎಫ್‌ಎಆರ್, ಅಂದರೆ ಅದೇ ಸೈಟಿನಲ್ಲಿ ಹೆಚ್ಚು ಕಟ್ಟಲು ಅನುಮತಿ, ಕೊಟ್ಟರೆ ಅದಕ್ಕೆ ಸಹಾಯವಾಗುತ್ತದೆಯೇ?

ಪರ

ಊರಾಚೆ ಲೇಔಟ್‌ನಲ್ಲಿ ಮನೆ ಕೊಂಡವರು ಹಾಲು ತರಲೂ ಸ್ಕೂಟರ್ ತೆಗೆಯಬೇಕು. ಅವರ ಮನೆಗೆ ಸೋಲಾರ್ ಹಾಕಿಸಿ, ಎಲೆಕ್ಟ್ರಿಕ್ ಕಾರು ಕೊಡಿಸಿ, ಆಫೀಸು ಮಾತ್ರ ಹತ್ತಿರ ಬರಲ್ಲ. ದಿನಾ ಓಡಾಡುವ ದೂರ ಕಡಿಮೆಯಾಗಬೇಕೆಂದರೆ ಮನೆ ಎಲ್ಲಿ ಕಟ್ಟಬೇಕು ಎಂಬುದನ್ನೇ ಬದಲಿಸಬೇಕು.

ಎಫ್‌ಎಆರ್ ಅಂದರೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. 30×40 ಸೈಟಿನಲ್ಲಿ ಎಫ್‌ಎಆರ್ 2 ಇದ್ದರೆ 2400 ಚದರಡಿ, 4 ಇದ್ದರೆ 4800. ಇದನ್ನು ಊರಿಗೆಲ್ಲ ಹಂಚುವುದು ಬೇಡ. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಮಾತ್ರ ಕೊಡಲಿ.

ಬ್ರೆಜಿಲ್‌ನ ಕುರಿಟಿಬಾ ಮಾಡಿದ್ದು ಇದನ್ನೇ. 1974ರಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ಬಿಟ್ಟಿತು, ಎತ್ತರದ ಕಟ್ಟಡಗಳನ್ನು ಆ ಪಥಗಳ ಉದ್ದಕ್ಕೇ ಬೆಳೆಯಲು ಬಿಟ್ಟಿತು. ಮೇಲಿನಿಂದ ತೆಗೆದ ಫೋಟೋ ನೋಡಿದರೆ ಸಾಕು, ಬಸ್ ಎಲ್ಲಿ ಓಡುತ್ತದೆ ಎಂದು ಕಟ್ಟಡಗಳ ಸಾಲೇ ಹೇಳುತ್ತದೆ. ನಮ್ಮಲ್ಲಿ 2011ರಲ್ಲೇ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೆಟ್ರೋ ಶುರುವಾಯಿತು. ಜನರ ದುಡ್ಡಿನಲ್ಲಿ ಕಟ್ಟಿದ ಮಾರ್ಗ ಅದು. ಅದರ ಪಕ್ಕ ಹೆಚ್ಚು ಜನ ಇರಬೇಕು, ಅಲ್ವಾ?

ವಿರೋಧ

ಇರಬೇಕು. ಯಾವ ಜನ ಎಂಬುದೇ ಪ್ರಶ್ನೆ.

ನಿಲ್ದಾಣದ ಹಿಂದಿನ ಬೀದಿಯ ಒಂದು ಹಳೇ ಮನೆಯನ್ನು ಊಹಿಸಿಕೊಳ್ಳಿ. ಕೆಳಗೆ ಮಾಲೀಕರು, ಮೇಲೆ ಮೂರು ಬಾಡಿಗೆ ಸಂಸಾರ. ಒಬ್ಬರು ಗಾರ್ಮೆಂಟ್ಸ್ ಕೆಲಸಕ್ಕೆ, ಒಬ್ಬರು ಅಂಗಡಿಗೆ, ಎಲ್ಲರೂ ಬಸ್ಸು, ಮೆಟ್ರೋದಲ್ಲೇ ಹೋಗುವವರು. ಎಫ್‌ಎಆರ್ ಜಾಸ್ತಿಯಾದ ಕೂಡಲೇ ಜಾಗದ ಬೆಲೆ ಏರುತ್ತದೆ, ಬಿಲ್ಡರ್ ಬಾಗಿಲು ತಟ್ಟುತ್ತಾನೆ. ಮನೆ ಒಡೆಯುತ್ತಾರೆ, ಬಾಡಿಗೆಯವರು ಊರಾಚೆಗೆ ಹೋಗುತ್ತಾರೆ. ಹೊಸ ಫ್ಲ್ಯಾಟಿಗೆ ಬರುವವರ ಹತ್ತಿರ ಕಾರು ಇದ್ದೇ ಇರುತ್ತದೆ. ಅದಕ್ಕೆ ಬೇಸ್‌ಮೆಂಟೂ ಸಿದ್ಧ. ಯಾಕೆಂದರೆ ಕಟ್ಟಡ ದೊಡ್ಡದಾದಷ್ಟೂ ಪಾರ್ಕಿಂಗ್ ಜಾಸ್ತಿ ಕೊಡಿ ಎನ್ನುವುದು ನಮ್ಮದೇ ನಿಯಮ! ಹೀಗೆ ಮೆಟ್ರೋ ಹತ್ತುವವರನ್ನು ದೂರ ಕಳಿಸಿ, ಕಾರಿನವರನ್ನು ನಿಲ್ದಾಣದ ಪಕ್ಕ ಕೂರಿಸುತ್ತೇವೆ. ಹೋಗಲಿ, ಮೆಟ್ರೋ ಅಗ್ಗವೇ? 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು.

ಒಡೆದು ಕಟ್ಟುವುದಕ್ಕೂ ಹೊಗೆಯ ಲೆಕ್ಕವಿದೆ. ಸಿಮೆಂಟು, ಕಬ್ಬಿಣ ಸುಮ್ನೆ ತಯಾರಾಗುವುದಿಲ್ಲ. ನೀರಿನದೂ ಹಾಗೇ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತೇವೆ. ಅಷ್ಟಾದರೂ 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವುದು ತಪ್ಪಲಿಲ್ಲ.

ಕುರಿಟಿಬಾದ ಕಟ್ಟಡ ಬೇಕಾದರೆ ಬಸ್ಸೂ ಬೇಕು. ಮೊದಲು ನಿಲ್ದಾಣದ ಸುತ್ತ ಕಡ್ಡಾಯ ಪಾರ್ಕಿಂಗ್ ತೆಗೆಯಲಿ. ಹೆಚ್ಚುವರಿ ಅಂತಸ್ತುಗಳಲ್ಲಿ ಒಂದು ಪಾಲು ಕಡಿಮೆ ಬಾಡಿಗೆಯ ಮನೆಗಳಿಗೆ ಎಂದು ಕಾನೂನಿನಲ್ಲೇ ಬರೆಯಲಿ. ಎಫ್‌ಎಆರ್ ಮಾತು ಆಮೇಲೆ.